ಇಸ್ತ್ರಿ ಬೇಡದ ದೇಶಭಕ್ತಿ

ನಮ್ಮ ದೇಶಭಕ್ತಿಗೆ ಇಸ್ತ್ರಿಯ ಕಾಟ ತಪ್ಪಿದ್ದು 2021ರ ಡಿಸೆಂಬರ್ 30ರಂದು. ಅಲ್ಲಿಯವರೆಗೆ ರಾಷ್ಟ್ರಧ್ವಜ ಎಂದರೆ ಕೈಯಲ್ಲಿ ನೂತು, ಕೈಮಗ್ಗದಲ್ಲಿ ನೇಯ್ದ ಬಟ್ಟೆಯೇ ಆಗಿರಬೇಕಿತ್ತು. ಅಂದು ಧ್ವಜ ಸಂಹಿತೆಗೆ ತಿದ್ದುಪಡಿ ತಂದು, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟವೂ ನಡೆಯುತ್ತದೆ ಎಂದರು. 'ಆತ್ಮನಿರ್ಭರ ಭಾರತ'ದ ಘೋಷಣೆಯಾಗಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಪಾಲಿಯೆಸ್ಟರಿನ ಮೂಲ ಕಚ್ಚಾತೈಲ. ಅದರಲ್ಲಿ ಶೇ 80ಕ್ಕಿಂತ ಹೆಚ್ಚನ್ನು ನಾವು ಹೊರದೇಶಗಳಿಂದ ತರಿಸುತ್ತೇವೆ. ಸ್ವಾವಲಂಬನೆ ಹಡಗಿನಲ್ಲಿ ಬಂದಿಳಿಯಬಾರದು ಎಂದು ಯಾವ ಶಾಸ್ತ್ರದಲ್ಲಿದೆ?

ಸಮರ್ಥಿಸುವವರ ಲೆಕ್ಕ ಸರಳ. ಅಮೃತ ಮಹೋತ್ಸವಕ್ಕೆ 20 ಕೋಟಿಗೂ ಹೆಚ್ಚು ಮನೆಗಳ ಮೇಲೆ ಬಾವುಟ ಹಾರಬೇಕು, ಅಷ್ಟು ಖಾದಿ ಎಲ್ಲಿದೆ? ನಿಜ, ಇರಲಿಲ್ಲ. ಆದರೆ 1947ಕ್ಕೆ 75 ಕೂಡಿಸಿದರೆ 2022 ಬರುತ್ತದೆ ಎಂಬುದು ಕೊನೇ ಗಳಿಗೆಯವರೆಗೆ ದಿಲ್ಲಿಯಲ್ಲಿ ಯಾರಿಗೂ ಹೊಳೆಯಲಿಲ್ಲವೇ? ಹೊಳೆದಿದ್ದರೆ ನಾಲ್ಕೈದು ವರ್ಷ ಮೊದಲೇ ನೂಲುವವರಿಗೆ ಮುಂಗಡ ಕೊಟ್ಟು ಇನ್ನಷ್ಟು ರಾಟೆ ತಿರುಗಿಸಬಹುದಿತ್ತು. ಹಾಗೆ ಮಾಡಿದ್ದರೆ ಅದಕ್ಕೆ ಪಂಚವಾರ್ಷಿಕ ಯೋಜನೆ ಅನ್ನುತ್ತಿದ್ದರು. ಆ ಪಾಪ ಮಾಡುವ ಕಾಲ ಮುಗಿದಿದೆ.

ಹುಬ್ಬಳ್ಳಿಯ ಬೆಂಗೇರಿಯವರಿಗೆ ಮಾತ್ರ ಈ ಹೊಸ ಕಾಲದ ಸುದ್ದಿ ತಡವಾಗಿ ಮುಟ್ಟಿತು. ಅಲ್ಲಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮುದ್ರೆಯ ರಾಷ್ಟ್ರಧ್ವಜ ತಯಾರಿಸುವ ದೇಶದ ಏಕೈಕ ಘಟಕ ಎಂದು ವರ್ಷಗಟ್ಟಲೆ ಹೆಸರಾಗಿತ್ತು. ಬಟ್ಟೆ ಬಾಗಲಕೋಟೆ ಕಡೆಯ ತುಳಸಿಗೇರಿಯ ಮಗ್ಗಗಳಿಂದ ಬರಬೇಕು. ಆಮೇಲೆ ಬಣ್ಣ ಹಾಕಬೇಕು, ಅಳತೆಗೆ ಕತ್ತರಿಸಬೇಕು, 24 ಗೆರೆಯ ಚಕ್ರವನ್ನು ಎರಡೂ ಬದಿಗೆ ಒಂದರ ಮೇಲೊಂದು ಕೂರುವಂತೆ ಅಚ್ಚು ಹಾಕಬೇಕು. ಈ ಕೆಲಸದಲ್ಲಿರುವವರು ಬಹುಪಾಲು ಹೆಣ್ಣುಮಕ್ಕಳು. ಎಳೆಯ ಲೆಕ್ಕ ತಪ್ಪಿದರೆ, ಬಣ್ಣ ಒಂದಿಷ್ಟು ಮಾಸಿದರೆ ಬಾವುಟ ಮೂಲೆಗೆ. ಸ್ವತಂತ್ರ ಭಾರತದ ಮಾನಕಗಳ ಪಟ್ಟಿಯಲ್ಲಿ ಮೊದಲ ಸಂಖ್ಯೆ, ಐಎಸ್ 1, ಈ ಬಾವುಟದ್ದೇ. ಇಷ್ಟು ಕಟ್ಟುನಿಟ್ಟಾಗಿ ದುಡಿದು ಈ ಕಾಲದಲ್ಲಿ ಬದುಕಲಾದೀತೆ? 2022ರ ಜುಲೈನಲ್ಲಿ ಅವರು ಪ್ರತಿಭಟನೆಗೆ ಕುಳಿತರು. ದೇಶವೆಲ್ಲ ಬಾವುಟ ಕೊಳ್ಳುತ್ತಿದ್ದ ಹೊತ್ತಿನಲ್ಲಿ, ಬಾವುಟ ಹೊಲಿಯುವವರು ಧರಣಿಯಲ್ಲಿ.

ಅದೇ ತಿಂಗಳು ಇನ್ನೊಂದು ತಿದ್ದುಪಡಿ ಬಂತು. ಸೂರ್ಯ ಮುಳುಗುವ ಮೊದಲು ಬಾವುಟ ಇಳಿಸಬೇಕಿಲ್ಲ, ಮನೆಯ ಮೇಲೆ ಹಗಲೂ ರಾತ್ರಿ ಹಾರಬಹುದು. ಕಾರ್ಮಿಕ ಸುಧಾರಣೆ ಎಂದರೆ ಇದು: ಬಾವುಟಕ್ಕೂ ನೈಟ್ ಶಿಫ್ಟ್.

ಇದೆಲ್ಲ ಮುಕ್ತ ಮಾರುಕಟ್ಟೆಯ ಸಹಜ ಸ್ಪರ್ಧೆ, ಅಗ್ಗದ್ದು ಗೆದ್ದಿತು ಎನ್ನುವ ಪಂಡಿತರಿದ್ದಾರೆ. ಒಪ್ಪೋಣ. ಕೊಳ್ಳಿ ಎಂದು ಕರೆ ಕೊಟ್ಟದ್ದು ಸರ್ಕಾರ. ಖಾದಿ ಬಾವುಟಕ್ಕಿದ್ದ ಜಿಎಸ್‌ಟಿ ವಿನಾಯಿತಿಯನ್ನು ಪಾಲಿಯೆಸ್ಟರ್ ಬಾವುಟಕ್ಕೂ ಕೊಟ್ಟದ್ದು ಸರ್ಕಾರ. 25 ರೂಪಾಯಿಗೆ ಮಾರಿದ್ದು ಅಂಚೆ ಕಚೇರಿ, ಅದೂ ಸರ್ಕಾರದ್ದೇ. ಇಷ್ಟೆಲ್ಲ ಆಸರೆ ಪಡೆದು ನಡೆಯುವ ಮಾರುಕಟ್ಟೆಗೆ 'ಮುಕ್ತ' ಎನ್ನುತ್ತಾರೆ. ಯಾರ ಹಂಗೂ ಇಲ್ಲದೆ ಬಿಸಿಲಿಗೆ ಬಿದ್ದ ನೂಲುವವಳಿಗೆ 'ಸಬ್ಸಿಡಿಯ ಹೊರೆ' ಎನ್ನುತ್ತಾರೆ.

ಬ್ರಿಟಿಷರು ಗಿರಣಿ ಬಟ್ಟೆ ಸುರಿದು ನಮ್ಮ ನೇಕಾರರ ಹೊಟ್ಟೆಗೆ ಹೊಡೆದರು ಎಂದು ಶಾಲೆಯಲ್ಲಿ ಓದಿ ನಾವೆಲ್ಲ ಅಂಕ ಪಡೆದವರು. ಪಾಪ, ಮ್ಯಾಂಚೆಸ್ಟರಿನವರಿಗೆ ವ್ಯಾಪಾರ ತಿಳಿಯಲಿಲ್ಲ. ಗಿರಣಿ ಬಟ್ಟೆಗೆ ಮೂರು ಬಣ್ಣ ಬಳಿದು ಕೊಟ್ಟಿದ್ದರೆ ನಾವು ಅದನ್ನು ಸುಡುವ ಬದಲು ಸಾಲು ನಿಂತು ಕೊಳ್ಳುತ್ತಿದ್ದೆವೇನೋ. ಅವರಿಗಾಗದ್ದನ್ನು ಪಾಲಿಯೆಸ್ಟರ್ ಗಿರಣಿಗಳ ಊರಾದ ಸೂರತ್ ಮಾಡಿ ತೋರಿಸಿತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಸಂಸ್ಥಾನದ ನಿಷೇಧ ಮುರಿದು ಬಾವುಟ ಏರಿಸಿದವರನ್ನು ಬಂಧಿಸಿದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದು ಸೇರಿದವರ ಮೇಲೆ ಗುಂಡು ಹಾರಿಸಿದರು. ಆಗ ಹಾರಿಸಿದವರ ಮೇಲೆ ಅನುಮಾನ, ಈಗ ಹಾರಿಸದವರ ಮೇಲೆ. ಎಷ್ಟಾದರೂ ಪ್ರಗತಿಯೇ.

ಒಂದೇ ಒಂದು ತೊಡಕು ಉಳಿದಿದೆ. ಹರಿದ, ಮಾಸಿದ ಧ್ವಜವನ್ನು ಖಾಸಗಿಯಾಗಿ, ಗೌರವದಿಂದ, ಸಾಧ್ಯವಾದಷ್ಟೂ ಸುಟ್ಟೇ ವಿಲೇವಾರಿ ಮಾಡಬೇಕೆಂದು ಸಂಹಿತೆ ಹೇಳುತ್ತದೆ. ಖಾದಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ತೊಟ್ಟಿಕ್ಕಿ, ಕಪ್ಪು ಹೊಗೆ ಬಿಟ್ಟು ಗಟ್ಟಿ ಉಂಡೆಯಾಗುತ್ತದೆ. ಆ ಉಂಡೆಗೆ ಗೌರವ ಸಲ್ಲಿಸುವ ವಿಧಾನವನ್ನು ಮುಂದಿನ ತಿದ್ದುಪಡಿಯಲ್ಲಿ ದಿಲ್ಲಿ ತಿಳಿಸಲಿ; ಅದು ಹಸಿ ಕಸವೋ ಒಣ ಕಸವೋ ಎಂಬುದನ್ನು ಮಹಾನಗರ ಪಾಲಿಕೆಗೆ ಬಿಡೋಣ.