ಜಾಳಿಗೆ ತೊಳೆಯುವ ಭಾನುವಾರ

ಶಿವರಾತ್ರಿಗೆ ಚಳಿಯು ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುತ್ತದೆ ಎಂಬ ಮಾತನ್ನು ಕಲಬುರಗಿಯ ಬಿಸಿಲು ಚಾಚೂ ತಪ್ಪದೆ ಪಾಲಿಸುತ್ತದೆ. ಹೋಳಿ ಹುಣ್ಣಿಮೆ ಮುಗಿದು ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಮಧ್ಯಾಹ್ನದ ರಸ್ತೆಗಳು ಬರಿದಾಗತೊಡಗುತ್ತವೆ; ಏಪ್ರಿಲ್ ಬಂತೆಂದರೆ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಸರಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಬಾಗಿಲು ಹಾಕಿಕೊಳ್ಳುತ್ತವೆ. ಇದೆಲ್ಲ ಪ್ರತಿವರ್ಷ ಪಂಚಾಂಗದಲ್ಲಿ ಬರೆದಿಟ್ಟಂತೆ ನಡೆಯುತ್ತದೆ. ಆದರೂ ಏಸಿ ರಿಪೇರಿಯವನಿಗೆ ಫೋನು ಮಾಡುವ ನಮ್ಮೂರಿನವರ ದನಿಯಲ್ಲಿ, ಈ ಸಲ ಬೇಸಿಗೆ ಹೇಳದೆ ಕೇಳದೆ ಬಂದುಬಿಟ್ಟಿತಲ್ಲ ಎಂಬ ಅಚ್ಚರಿ ಇರುತ್ತದೆ. ನಾನೂ ಏಳು ವರ್ಷ ಹಾಗೆ ಅಚ್ಚರಿಪಟ್ಟವನೇ.

ಇದು ವಂಶದಿಂದ ಬಂದ ಗುಣವೆಂದು ಹೇಳಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಹಳ್ಳಿಯಲ್ಲಿದ್ದ ನಮ್ಮ ಅಜ್ಜನದು ಮಣ್ಣಿನ ಮಾಳಿಗೆಯ ಮನೆ. ಮೃಗಶಿರಾ ಮಳೆಗೆ ಇನ್ನೂ ತಿಂಗಳಿರುವಾಗಲೇ, ಆಕಾಶದಲ್ಲಿ ಅಂಗೈಯಗಲದ ಮೋಡವೂ ಇಲ್ಲದಿರುವಾಗ, ಆತ ಮಾಳಿಗೆ ಹತ್ತಿ ಹೊಸ ಮಣ್ಣು ಹರಡಿ ತುಳಿಸಿ, ನೀರು ಹೋಗುವ ದೋಣಿಯಲ್ಲಿ ಸಿಕ್ಕಿದ್ದ ಕಸ ತೆಗೆಸಿ, ಕೂರಿಗೆಯನ್ನು ಬಡಿಗನ ಮನೆಗೆ ಕಳಿಸುತ್ತಿದ್ದ. ಮಳೆ ಹಿಡಿದ ಮೇಲೆ ಮಾಳಿಗೆ ಹತ್ತಿದವನನ್ನು ಊರು ನೋಡಿ ನಗುತ್ತಿತ್ತು. ಆತನ ಮೊಮ್ಮಗನಾದ ನಾನು ಏಸಿ ಕೊಂಡೆ, ಆದರೆ ಆ ಒಂದು ತಿಂಗಳ ಮುಂದಾಲೋಚನೆಯನ್ನು ಹಳ್ಳಿಯಲ್ಲಿಯೇ ಬಿಟ್ಟು ಬಂದಿದ್ದೆ.

ಏಸಿಗಿಂತ ಮೊದಲು ನಮ್ಮಲ್ಲಿದ್ದುದು ಕೂಲರು. ತಗಡಿನ ಪೆಟ್ಟಿಗೆ, ಮೂರು ಮಗ್ಗುಲಿಗೆ ಹುಲ್ಲು, ಒಳಗೊಂದು ಫ್ಯಾನು, ತಳದಲ್ಲಿ ನೀರಿನ ತೊಟ್ಟಿ, ಅದರಲ್ಲಿ ಮುಷ್ಟಿಯಷ್ಟು ಪಂಪು. ಒಣಗಾಳಿಯು ಒದ್ದೆ ಹುಲ್ಲಿನೊಳಗಿಂದ ಹಾಯುವಾಗ ನೀರು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಆ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಮಂಗಳೂರಿನ ತೇವದ ಹವೆಯಲ್ಲಿ ಸೋತುಹೋಗುವ ಈ ಉಪಾಯವು ಕಲಬುರಗಿ, ರಾಯಚೂರುಗಳ ಒಣ ಬಿಸಿಲಿನಲ್ಲಿ ಭೇಷಾಗಿ ನಡೆಯುತ್ತದೆ. ಕೂಲರಿನ ದೊಡ್ಡ ಗುಣವೆಂದರೆ ಅದು ತನ್ನ ಕಾಯಿಲೆಯನ್ನು ಮುಚ್ಚಿಡುತ್ತಿರಲಿಲ್ಲ. ಹುಲ್ಲು ಹಳತಾದರೆ ಮನೆಯೆಲ್ಲ ಕೆರೆಯಂಗಳದ ವಾಸನೆ. ಬೋರಿನ ಗಡಸು ನೀರಿನ ಉಪ್ಪು ಕಟ್ಟಿದರೆ ಹುಲ್ಲಿನ ಮೇಲೆ ಬೆಳ್ಳನೆಯ ಹಕ್ಕಳೆ. ಪಂಪು ಕೆಟ್ಟರೆ ಅಡುಗೆಮನೆಯಿಂದಲೇ ಕೇಳುವಂತೆ ಸದ್ದು ಬದಲಾಗುತ್ತಿತ್ತು. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ ತಿಕ್ಕದಿದ್ದರೆ ಡೆಂಗಿ ಸೊಳ್ಳೆಯ ಮರಿಗಳು ಕಣ್ಣೆದುರಿಗೇ ಕುಣಿಯುತ್ತಿದ್ದವು. ಹೀಗಾಗಿ ಕೂಲರಿನ ಚಾಕರಿಯನ್ನು ನಾವು ಮಾಡುತ್ತಿದ್ದೆವು ಎನ್ನುವುದಕ್ಕಿಂತ ಅದೇ ಮಾಡಿಸಿಕೊಳ್ಳುತ್ತಿತ್ತು ಎನ್ನಬೇಕು.

ಏಸಿ ಹಾಗಲ್ಲ. ಅದು ಹಳೆಯ ಕಾಲದ ಹಿರಿಯರಂತೆ ನೋವನ್ನು ನುಂಗಿಕೊಂಡು ಇರುತ್ತದೆ, ಕರೆಂಟಿನ ಬಿಲ್ಲಿನಲ್ಲಿ ಮಾತ್ರ ಸಣ್ಣಗೆ ನರಳುತ್ತದೆ. ನಮ್ಮದು ಒಂದೂವರೆ ಟನ್ನಿನದು. ಅದನ್ನು ಗೋಡೆಗೆ ಕೂರಿಸುವ ದಿನ ಪಕ್ಕದ ಮನೆಯ ಯಜಮಾನರು, ಅಷ್ಟು ಭಾರವನ್ನು ಗೋಡೆ ತಡೆದೀತೇ ಎಂದು ಆತಂಕಪಟ್ಟಿದ್ದರು. ಟನ್ ಎಂಬುದು ಇಲ್ಲಿ ತೂಕವಲ್ಲ. 24 ತಾಸಿನಲ್ಲಿ ಒಂದು ಟನ್ ಮಂಜುಗಡ್ಡೆ ಕರಗುವಾಗ ಎಷ್ಟು ಶಾಖವನ್ನು ಹೀರುತ್ತದೆಯೋ ಅಷ್ಟನ್ನು ಕೋಣೆಯಿಂದ ಹೊರಗೆ ಹಾಕುವ ಸಾಮರ್ಥ್ಯ. ಅಮೆರಿಕದ ಲೆಕ್ಕದ ಆ ಟನ್ನು ಸುಮಾರು 907 ಕಿಲೋ. ಅಂದರೆ ನಮ್ಮ ಯಂತ್ರವು ಹಗಲೂ ರಾತ್ರಿ ಪೂರ್ತಿ ದುಡಿದರೆ ದಿನಕ್ಕೆ 1,360 ಕಿಲೋ ಬರ್ಫನ್ನು ನಮ್ಮ ಮಲಗುವ ಕೋಣೆಯಲ್ಲಿ ಇಳಿಸಿದಂತೆ. ಈ ಲೆಕ್ಕ ಹಾಕಿದ ದಿನ ನನಗೆ ಅದರ ಮೇಲೆ ಗೌರವ ಬಂತೇ ಹೊರತು, ಅದನ್ನೊಮ್ಮೆ ಬಿಚ್ಚಿ ನೋಡಬೇಕೆಂಬ ಬುದ್ಧಿ ಬರಲಿಲ್ಲ.

ಬುದ್ಧಿ ಬಂದದ್ದು ಒಂದು ಮೇ ತಿಂಗಳ ರಾತ್ರಿ. ಯಂತ್ರ ಓಡುತ್ತಿತ್ತು, ಗಾಳಿಯೂ ಉಸಿರಿನಷ್ಟು ಬರುತ್ತಿತ್ತು, ಕೋಣೆ ಮಾತ್ರ ಬೇಯುತ್ತಿತ್ತು. ಸ್ಟೂಲು ಹತ್ತಿ ಮುಂದಿನ ಮುಚ್ಚಳವನ್ನೆತ್ತಿ ಟಾರ್ಚು ಬಿಟ್ಟೆ. ಧೂಳಿನ ಹಿಂದೆ, ಒಳಗಿನ ತಗಡಿನ ಎಸಳುಗಳ ಉದ್ದಕ್ಕೂ ಬೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಕೆಳಗೆ ನಿಂತು ಸ್ಟೂಲು ಹಿಡಿದಿದ್ದ ನನ್ನ ಹೆಂಡತಿ, “ಇಷ್ಟು ಬರ್ಫ್ ಕಟ್ಟ್ಯಾದ, ಮತ್ತ ಖೋಲಿ ಯಾಕ ತಂಪಿಲ್ಲರಿ?” ಎಂದಳು. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಆ ವಿಷಯದಲ್ಲಿ ನಾನು ಇದುವರೆಗೆ ಕೇಳಿಲ್ಲ.

ಉತ್ತರಕ್ಕೆ ಒಂಬತ್ತು ದಿನ ಕಾಯಬೇಕಾಯಿತು, ಏಕೆಂದರೆ ರಿಪೇರಿಯ ಹುಡುಗನಿಗೆ ಮೇ ತಿಂಗಳಿನಲ್ಲಿ ದೇವರ ದರ್ಶನಕ್ಕಿರುವಷ್ಟು ಸರದಿ. ಆತ ಬಂದವನೇ ಫಿಲ್ಟರನ್ನು ಸರ್ರನೆ ಎಳೆದು, ಎರಡು ಬೆರಳಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಅಡ್ಡವಾಗಿ ಎತ್ತಿದ. ಬೆಳಕು ದಾಟಲೇ ಇಲ್ಲ. “ಸರ, ಇದು ಫಿಲ್ಟರ್ ಅಲ್ಲರಿ, ಕಂಬಳಿ ಅದ. ನೀವು ಮಷೀನಿಗಿ ಕಂಬಳಿ ಹೊಚ್ಚಿ ಮಲಗಿಸೀರಿ” ಎಂದ. ಕೋಣೆಯ ಬಿಸಿ ಗಾಳಿಯು ಆ ಜಾಳಿಗೆಯ ಮೂಲಕ ಹೋಗಿ ತಣ್ಣನೆಯ ಎಸಳುಗಳಿಗೆ ತಾಗಬೇಕು. ಜಾಳಿಗೆ ಕಟ್ಟಿಕೊಂಡರೆ ಗಾಳಿ ಹೋಗದು. ಗಾಳಿಯ ಬಿಸಿ ಸಿಗದ ಎಸಳುಗಳು ಸೊನ್ನೆಗಿಂತಲೂ ಕೆಳಗಿಳಿದು, ಇದ್ದಬದ್ದ ತೇವವೆಲ್ಲ ಅಲ್ಲಿಯೇ ಗಡ್ಡೆಯಾಗುತ್ತದೆ. ಆ ಗಡ್ಡೆ ಉಳಿದ ಸಂದುಗಳನ್ನೂ ಮುಚ್ಚುತ್ತದೆ. ತಂಪು ಹುಟ್ಟುತ್ತಿತ್ತು, ಹಂಚಿಕೆಯಾಗುತ್ತಿರಲಿಲ್ಲ. ಬಚ್ಚಲಿಗೆ ಒಯ್ದು ನಲ್ಲಿಯ ಕೆಳಗೆ ಹಿಡಿದಾಗ ಎರಡು ಬೇಸಿಗೆಯ ಧೂಳು, ತೊಗರಿ ರಾಶಿಯ ಕಾಲದ ಹೊಟ್ಟು, ಹಾಸಿಗೆಯ ಹತ್ತಿಯ ಎಳೆಗಳೆಲ್ಲ ಒಟ್ಟಾಗಿ, ಬೆಂದ ರಾಗಿಹಿಟ್ಟಿನಂತೆ ಜಾರಿಕೊಂಡು ಬಂದವು. ಕೆಲಸ ಐದು ನಿಮಿಷದ್ದು, ನೀರು ಅರ್ಧ ಬಕೆಟ್ಟು.

ಗ್ಯಾಸಿನ ವಿಷಯದಲ್ಲಿ ನನ್ನ ಅಜ್ಞಾನಕ್ಕೆ ಇನ್ನೂ ಹೆಚ್ಚು ದುಡ್ಡು ತಗುಲಿತ್ತು. ಅದಕ್ಕೆ ಮೊದಲು ಬರುತ್ತಿದ್ದ ಇನ್ನೊಬ್ಬ ರಿಪೇರಿಯವನು ವರ್ಷಕ್ಕೊಮ್ಮೆ ಗಂಭೀರವಾಗಿ “ಗ್ಯಾಸ್ ಖಾಲಿ ಆಗ್ಯಾದರಿ” ಎನ್ನುತ್ತಿದ್ದ, ನಾನು ಅಡುಗೆಯ ಸಿಲಿಂಡರಿನಂತೆ ಅದೂ ಉರಿದು ತೀರುವುದೆಂದು ತಿಳಿದು 2,800 ರೂಪಾಯಿ ಎಣಿಸುತ್ತಿದ್ದೆ. ಏಸಿಯ ಗ್ಯಾಸು ಹಾಗೆ ಉರಿದು ತೀರುವುದೂ ಇಲ್ಲ, ಸವೆಯುವುದೂ ಇಲ್ಲ. ಮುಚ್ಚಿದ ಕೊಳವೆಗಳೊಳಗೆ, ಒಳಗೆ ಆವಿಯಾಗಿ ಹೊರಗೆ ದ್ರವವಾಗಿ, ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲಿಯೋ ಸೋರುತ್ತಿದೆ ಎಂದೇ ಅರ್ಥ; ಸೋರುವ ಜಾಗವನ್ನು ಹುಡುಕದೆ ತುಂಬುವುದು ತೂತಿನ ಕೊಡಕ್ಕೆ ನೀರು ಹೊತ್ತಂತೆ. ಹೊಸ ಹುಡುಗ ತಾಮ್ರದ ಕೊಳವೆಗಳು ಕೂಡುವ ನಟ್ಟಿನ ಮೇಲೆ ಸೋಪಿನ ನೊರೆ ಬಳಿದು ಕಾಯುತ್ತ ಕುಳಿತ. ಅರೆನಿಮಿಷದಲ್ಲಿ ಅಲ್ಲೊಂದು ಗುಳ್ಳೆ ಮೆಲ್ಲಗೆ ಉಬ್ಬಿತು. ಮೂರು ವರ್ಷದ ನನ್ನ ದುಡ್ಡು ಆ ಸಾಸಿವೆಕಾಳಿನಷ್ಟು ಸಂದಿನಿಂದ ಹೋಗಿತ್ತು.

ಮಾಳಿಗೆಯ ಮೇಲಿನ ಹೊರಯಂತ್ರದ ಹಿಂದೆ ಪಾರಿವಾಳದ ಸಂಸಾರವಿತ್ತು, ಬೇವಿನೆಲೆಗಳ ರಾಶಿಯಿತ್ತು. ಕೋಣೆಯಿಂದ ಹೊತ್ತು ತಂದ ಬಿಸಿಯನ್ನು ಬಿಸಾಡಬೇಕಾದ ಬಾಯಿಗೇ ಬಟ್ಟೆ ತುರುಕಿದಂತಾಗಿತ್ತು. ಕಟ್ಟಿಕೊಂಡ ನೀರಿನ ಪೈಪಿನ ಕಥೆಯನ್ನು ವಿಸ್ತರಿಸುವುದಿಲ್ಲ. ಏಸಿಯ ಕೆಳಗೆ ಪುಸ್ತಕದ ಕಪಾಟು ಇಟ್ಟವರಿಗೆ ಅದು ಹೇಳದೆಯೂ ತಿಳಿಯುತ್ತದೆ.

ಚಳಿಗಾಲದ ಗೀಸರಿನೊಳಗೂ ಇಂಥದೇ ಒಂದು ಸಂಗತಿಯಿದೆ, ಅದು ನನಗೆ ಬಹಳ ಹಿಡಿಸಿದೆ. ನಮ್ಮ ಬೋರಿನ ನೀರು ಕಾಯಿಸುವ ಸುರುಳಿಯ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಹಲವು ಗೀಸರುಗಳ ತೊಟ್ಟಿಯೊಳಗೆ ಮೆಗ್ನೀಸಿಯಮ್ಮಿನ ಒಂದು ಕೋಲು ಇರುತ್ತದೆ, ನೀರು ಕಾಯಿಸುವುದರಲ್ಲಿ ಅದರ ಪಾತ್ರವೇನೂ ಇಲ್ಲ. ತೊಟ್ಟಿಯ ಉಕ್ಕನ್ನು ತಿನ್ನಬೇಕಾದ ತುಕ್ಕು ಮೊದಲು ತನ್ನನ್ನು ತಿನ್ನಲಿ ಎಂದು ಅದನ್ನು ಅಲ್ಲಿ ಇಟ್ಟಿರುತ್ತಾರೆ. ನಮ್ಮ ಗೀಸರಿನಿಂದ ತೆಗೆದಾಗ ಹೆಬ್ಬೆರಳು ದಪ್ಪವಿರಬೇಕಾದ ಆ ಕೋಲು, ಉಂಡು ಬಿಟ್ಟ ಜೋಳದ ತೆನೆಯಂತೆ ಕೊರೆದುಹೋಗಿತ್ತು. ತೊಟ್ಟಿ ಮಾತ್ರ ಗಟ್ಟಿಯಾಗಿತ್ತು. ಕೋಲು ಪೂರ್ತಿ ತೀರುವ ಮೊದಲು ಬದಲಿಸಬೇಕು, ಇಲ್ಲವಾದರೆ ಮುಂದಿನ ಸರದಿ ತೊಟ್ಟಿಯದು.

ಈ ವರ್ಷ ಶಿವರಾತ್ರಿಗೆ ಮೊದಲೇ ಹುಡುಗನನ್ನು ಕರೆದೆ. ಫೆಬ್ರುವರಿಯಲ್ಲಿ ಆತನಿಗೆ ಬೇಕಾದಷ್ಟು ಪುರುಸೊತ್ತು. ಕರೆದ ದಿನವೇ ಬಂದ, ಚಹಾ ಕುಡಿದ, ಮುಚ್ಚಳ ಬಿಚ್ಚಿದ, ನೀರು ಹೊಡೆದು ತೊಳೆದ, ವೈರಿನ ಸ್ಕ್ರೂಗಳನ್ನು ಬಿಗಿಮಾಡಿದ, ಸೋಪಿನ ನೊರೆ ಬಳಿದು ಗುಳ್ಳೆ ಬರದಿರುವುದನ್ನು ತೋರಿಸಿದ. “ಏನೂ ಆಗಿಲ್ಲರಿ ಸರ, ಛಲೋ ಅದ” ಎಂದು 600 ರೂಪಾಯಿ ಕೇಳಿದ. ಕೊಡುವಾಗ ಕೈ ತುಸು ತಡೆಯಿತೆಂದು ಒಪ್ಪಿಕೊಳ್ಳುತ್ತೇನೆ. ಕೆಟ್ಟದ್ದನ್ನು ಸರಿಮಾಡಿದವನಿಗೆ ಸಾವಿರಗಟ್ಟಲೆ ಕೊಟ್ಟು ಕೈಮುಗಿಯುವ ನಮಗೆ, ಏನೂ ಆಗದ್ದಕ್ಕೆ ಆರು ನೂರು ಕೊಡುವುದು ಕಷ್ಟ. ಒಂದು ಸಣ್ಣ ದೋಷವನ್ನಾದರೂ ಆತ ಹುಡುಕಿ ಹೇಳಬಾರದಿತ್ತೇ ಎಂದು ನನ್ನೊಳಗೊಬ್ಬ ಗೊಣಗುತ್ತಿದ್ದ. ಅವನೇ ಹಿಂದೆ 2,800 ಕೊಟ್ಟವನು.

ಈಗ ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಫಿಲ್ಟರನ್ನು ನಾನೇ ತೊಳೆಯುತ್ತೇನೆ. ಬಿಸಿಲಿಗಿಟ್ಟರೆ ಅದರ ಪ್ಲಾಸ್ಟಿಕ್ಕಿನ ಚೌಕಟ್ಟು ಬಾಗುತ್ತದೆ, ಆದ್ದರಿಂದ ತುಳಸಿಕಟ್ಟೆಯ ನೆರಳಿನಲ್ಲಿ ಒಣಗಲು ನಿಲ್ಲಿಸುತ್ತೇನೆ. ಹೋದ ಭಾನುವಾರ ಪಕ್ಕದ ಯಜಮಾನರು ಕಂಪೌಂಡಿನ ಮೇಲಿಂದ ಬಗ್ಗಿ, “ಏನ್ರಿ ಸರ, ಸೊಳ್ಳಿ ಜಾಳಿಗಿ ತೊಳದೀರೇನು?” ಎಂದು ಕೇಳಿದರು. ಹಣೆಯ ಬೆವರು ಒರೆಸಿಕೊಂಡು, ದನಿ ತಗ್ಗಿಸಿ, ಆ ಏಸಿ ಹುಡುಗನ ನಂಬರು ನನ್ನ ಹತ್ತಿರ ಇದೆಯೇ ಎಂದೂ ಕೇಳಿದರು. ಅಂದು ತಾರೀಖು ಏಪ್ರಿಲ್ 20 ದಾಟಿತ್ತು.