ಕ್ವೊಟೇಶನ್ ಚೀಟಿಯನ್ನು ಕೆಳಗಿನಿಂದ ಓದಿ

ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಕೊಡುವ ಕ್ವೊಟೇಶನ್ ಚೀಟಿಯನ್ನು ಯಾವತ್ತಾದರೂ ಸರಿಯಾಗಿ ನೋಡಿದ್ದೀರಾ? ಮೇಲಿನ ಎರಡು ಸಾಲಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು, ಅವುಗಳ ಕಂಪನಿ, ಮಾಡೆಲ್ ನಂಬರು, ಎಲ್ಲಾ ಜಾತಕ ಬರೆದ ಹಾಗೆ ಇರುತ್ತದೆ. ಕೆಳಗೆ ಹೋಗ್ತಾ ಹೋಗ್ತಾ ಅಕ್ಷರ ಕಮ್ಮಿ ಆಗುತ್ತದೆ. 'ರ‍್ಯಾಮ್ 16 ಜಿಬಿ'. 'ಎಸ್‌ಎಸ್‌ಡಿ 512'. ಕೊನೆಗೆ 'ಎಸ್‌ಎಂಪಿಎಸ್ 500 ವ್ಯಾಟ್', ಅಂದರೆ ಪಿಸಿಗೆ ಕರೆಂಟು ಒದಗಿಸುವ ಡಬ್ಬ, ಅಷ್ಟೇ. ಯಾರು ಮಾಡಿದ್ದು, ವಾರಂಟಿ ಎಷ್ಟು ವರ್ಷ, ಕೇಳಬೇಡಿ. ನನ್ನ ಪ್ರಕಾರ ಕಮ್ಮಿ ದುಡ್ಡಿನಲ್ಲಿ ಗೇಮಿಂಗ್ ಪಿಸಿ ಕಟ್ಟಿಸುವವರು ಮೊದಲು ಓದಬೇಕಾದ್ದು ಆ ಹೆಸರಿಲ್ಲದ ಸಾಲುಗಳನ್ನೇ.

ಈ ಮಾತು ಯಾಕೆ ಬಂತು ಅಂದರೆ, ಪರಿಚಯದವರೊಬ್ಬರು ನಿನ್ನೆ ವಾಟ್ಸಾಪ್‌ನಲ್ಲಿ ಮಗನ ಕ್ವೊಟೇಶನ್ ಕಳಿಸಿ 'ಸರಿ ಇದೆಯಾ ನೋಡಿ' ಅಂದರು. ನೋಡಿದರೆ 2024ರಲ್ಲಿ ನನ್ನ ಅಕ್ಕನ ಮಗ ತಂದಿದ್ದ ಚೀಟಿಯ ಅಣ್ಣನೋ ತಮ್ಮನೋ ಅನ್ನುವ ಹಾಗಿತ್ತು. ಅವರಿಗೆ ಉದ್ದ ವಾಯ್ಸ್ ಮೆಸೇಜ್ ಹಾಕುವ ಬದಲು ಇಲ್ಲೇ ಬರೆದುಬಿಡುತ್ತಿದ್ದೇನೆ.

ಅಕ್ಕನ ಮನೆ ವಿಜಯನಗರದಲ್ಲಿ. ಹುಡುಗ ಪಿಯುಸಿ ಮುಗಿಸಿದ್ದ, ಸೀಟು ಸಿಕ್ಕಿದರೆ ಕಂಪ್ಯೂಟರ್ ಕೊಡಿಸುತ್ತೇನೆ ಅಂತ ಭಾವ ಮಾತು ಕೊಟ್ಟುಬಿಟ್ಟಿದ್ದರು. ಮಾನಿಟರ್, ಕೀಬೋರ್ಡ್ ಎಲ್ಲಾ ಸೇರಿ ಎಪ್ಪತ್ತು ಸಾವಿರ, ಅದರ ಮೇಲೆ ಒಂದು ರೂಪಾಯಿ ಇಲ್ಲ. ಇವನು ಯೂಟ್ಯೂಬ್ ನೋಡಿ ನೋಡಿ ಒಂದೇ ಹಟ ಹಿಡಿದಿದ್ದ, ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡು ಆರ್‌ಟಿಎಕ್ಸ್ 4060 ಬೇಕು ಅಂತ. ಅಂಗಡಿಯವರು ಅದನ್ನೂ ಹಾಕಿ ಎಪ್ಪತ್ತಕ್ಕೇ ಕೂರಿಸಿಕೊಟ್ಟಿದ್ದರು. 'ನೋಡಿ ಮಾಮ, ಬಜೆಟ್‌ನಲ್ಲೇ ಬಂತು' ಅಂತ ಹುಡುಗನ ಖುಷಿ. ಹೇಗೆ ಬಂತು ಅಂತ ಕೆಳಗೆ ನೋಡಿದರೆ ಗೊತ್ತಾಗುತ್ತಿತ್ತು: ರ‍್ಯಾಮ್ ಒಂದೇ ಕಡ್ಡಿ, ಎಸ್‌ಎಸ್‌ಡಿ ಅರ್ಧ ಟಿಬಿ, ಮಾನಿಟರ್ 75 ಹರ್ಟ್ಜ್‌ನದು, ಎಸ್‌ಎಂಪಿಎಸ್ ಹೆಸರಿಲ್ಲದ್ದು.

ಎಸ್‌ಎಂಪಿಎಸ್ ವಿಷಯದಲ್ಲಿ ನನಗೆ ಒಂದು ಹಳೇ ಗಾಯ ಇದೆ. 2010ರಲ್ಲಿ ನಾನು ಮೊದಲ ಸಲ ಸ್ವಂತ ದುಡ್ಡಲ್ಲಿ ಪಿಸಿ ಕಟ್ಟಿಸಿದಾಗ ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ ಬಂದಿತ್ತು. ಫ್ರೀ ಅಂದ್ರೆ ಯಾರಿಗೆ ಬೇಡ? ಎಂಟು ತಿಂಗಳು ಓಡಿತು. ಒಂದು ಸಂಜೆ ಹೋದ ಕರೆಂಟು ವಾಪಸ್ ಬಂದಾಗ 'ಟಪ್' ಅಂತ ಸದ್ದಾಗಿ, ಸುಟ್ಟ ವಾಸನೆ ಬಂತು. ತಾನು ಹೋಗಿದ್ದಲ್ಲದೆ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಅಂಗಡಿಯವನು 'ವೋಲ್ಟೇಜ್ ಪ್ರಾಬ್ಲಂ ಸಾರ್, ವಾರಂಟಿ ಬರಲ್ಲ' ಅಂದ. ಮುಗೀತು ಕತೆ.

ಆಮೇಲೆ ಕಲಿತದ್ದು ಇದು. ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ನೋಡಬೇಡಿ, ಪಕ್ಕಕ್ಕೆ ಅಂಟಿಸಿರುವ ಚೀಟಿಯಲ್ಲಿ 12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಅಂತ ನೋಡಿ. ಅದನ್ನು 12ರಿಂದ ಗುಣಿಸಿ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಮುಖ್ಯವಾಗಿ ಕುಡಿಯೋದು ಈ 12 ವೋಲ್ಟಿನ ನಲ್ಲಿಯಿಂದಲೇ. '500 ವ್ಯಾಟ್' ಅಂತ ಬರೆದ ಡಬ್ಬದಲ್ಲಿ 12 ವೋಲ್ಟಿಗೆ 18 ಆಂಪಿಯರ್ ಇದ್ದರೆ ಲೆಕ್ಕ 216 ವ್ಯಾಟಿಗೆ ಬಂತು. ಅರ್ಧಕ್ಕಿಂತ ಕಮ್ಮಿ! ಸರಿಯಾದ 550 ವ್ಯಾಟಿನದರಲ್ಲಿ 40 ಆಂಪಿಯರ್ ಆಸುಪಾಸು ಇರುತ್ತದೆ. ಕೈಯಲ್ಲಿ ಎತ್ತಿ ನೋಡಿದರೂ ಒಂದು ಅಂದಾಜು ಸಿಗುತ್ತದೆ, ಖಾಲಿ ಟಿಫಿನ್ ಡಬ್ಬದ ಹಾಗೆ ಹಗುರ ಇದ್ದರೆ ಅಲ್ಲೇ ಇಟ್ಟು ಬನ್ನಿ.

ಹಾಗಂತ ಹೆದರಿಕೊಂಡು 750 ವ್ಯಾಟ್ ತಗೊಳ್ಳೋದೂ ಬೇಡ. ಅದೂ ಒಂದು ವ್ಯಾಪಾರ. ನಾವು ಕೊನೆಗೆ ಹಾಕಿದ ಎಎಮ್‌ಡಿ ಕಂಪನಿಯ ಗ್ರಾಫಿಕ್ಸ್ ಕಾರ್ಡು ಆರ್‌ಎಕ್ಸ್ 6600, ಅದು 132 ವ್ಯಾಟಿನದು. ಪ್ರೊಸೆಸರ್ ರೈಜನ್ 5 5600, ಅದು 65 ವ್ಯಾಟಿನದು. ಜೋರಾಗಿ ಓಡುವಾಗ ಇನ್ನು ಸ್ವಲ್ಪ ಜಾಸ್ತಿ ಎಳೆದರೂ, ಫ್ಯಾನು ಎಸ್‌ಎಸ್‌ಡಿ ಎಲ್ಲಾ ಸೇರಿ 300 ದಾಟುವುದಿಲ್ಲ. ಒಳ್ಳೆ ಕಂಪನಿಯ, ಕರೆಂಟು ಜಾಸ್ತಿ ಪೋಲು ಮಾಡಲ್ಲ ಅನ್ನುವ 80 ಪ್ಲಸ್ ಬ್ರಾಂಜ್ ಸರ್ಟಿಫಿಕೇಟ್ ಇರುವ 550 ವ್ಯಾಟ್ ಧಾರಾಳ ಸಾಕು.

ಈಗ ಆ 4060 ಪ್ರಶ್ನೆ. ಕಾರ್ಡು ಚೆನ್ನಾಗಿಲ್ಲ ಅಂತ ನಾನು ಯಾವತ್ತೂ ಹೇಳಲಿಲ್ಲ. 2023ರಲ್ಲಿ ಬಂದದ್ದು, 115 ವ್ಯಾಟಿನಲ್ಲಿ ಓಡುತ್ತದೆ, 2021ರ 6600ಗಿಂತ ವೇಗ. ಹುಡುಗ ಕೂಡ ಬಿಡಲಿಲ್ಲ, 'ಮಾಮ, ಎಎಮ್‌ಡಿ ಕಾರ್ಡಲ್ಲಿ ಡಿಎಲ್‌ಎಸ್‌ಎಸ್ ಇರಲ್ಲ' ಅಂದ. ಸರಿಯಾದ ಮಾತೇ. ಕಮ್ಮಿ ರೆಸಲ್ಯೂಷನ್‌ನಲ್ಲಿ ಚಿತ್ರ ಮಾಡಿ ದೊಡ್ಡದು ಮಾಡಿ ತೋರಿಸುವ ಆ ವಿದ್ಯೆಯಲ್ಲಿ ಎನ್‌ವಿಡಿಯಾದ್ದು ಇನ್ನೂ ಮೇಲು, 6600ನಲ್ಲಿ ಅದರ ಬದಲು ಸಿಗುವ ಎಫ್‌ಎಸ್‌ಆರ್‌ನಲ್ಲಿ ಅಂಚುಗಳು ಸ್ವಲ್ಪ ನಡುಗುವುದು ಕಾಣುತ್ತದೆ. ಆದರೆ ನಾನು ಕೇಳಿದ್ದು ಒಂದೇ: 'ದಿನಾ ಆಡೋದು ಏನೋ?' 'ವ್ಯಾಲೊರಂಟ್. ಆಮೇಲೆ ಜಿಟಿಎ 5. ಯಾವಾಗಾದ್ರೂ ಸೈಬರ್‌ಪಂಕ್.' ವ್ಯಾಲೊರಂಟ್‌ಗೆ ಗ್ರಾಫಿಕ್ಸ್ ಕಾರ್ಡಿಗಿಂತ ಪ್ರೊಸೆಸರೇ ಮುಖ್ಯ, ಸಾಧಾರಣ ಕಾರ್ಡಿನಲ್ಲೂ ಸೆಕೆಂಡಿಗೆ ನೂರಾರು ಫ್ರೇಮ್ ಬರುತ್ತದೆ. 75 ಹರ್ಟ್ಜ್ ಮಾನಿಟರ್ ಸೆಕೆಂಡಿಗೆ ತೋರಿಸೋದು 75 ಚಿತ್ರ. ಮಿಕ್ಕ ಫ್ರೇಮ್‌ಗಳು ಸುಮ್ನೆ ಹುಟ್ಟಿ ಸಾಯುತ್ತವೆ. ಕಾವೇರಿ ನೀರಿನ ಕನೆಕ್ಷನ್ ಹಾಕಿಸಿಕೊಂಡು ಮನೆಯಲ್ಲಿ ಒಂದೇ ಬಿಂದಿಗೆ ಇಟ್ಟುಕೊಂಡ ಹಾಗೆ.

ಅದಕ್ಕೆ ನಾವು ಲೆಕ್ಕವನ್ನು ಮಾನಿಟರಿನಿಂದ ಶುರು ಮಾಡಿದೆವು. 24 ಇಂಚು, 1080ಪಿ, 165 ಹರ್ಟ್ಜ್, ಬಣ್ಣ ಚೆನ್ನಾಗಿ ತೋರಿಸುವ ಐಪಿಎಸ್ ಪ್ಯಾನಲ್. ಅದಕ್ಕೆ ಒಪ್ಪುವ ಕಾರ್ಡು 6600. 1080ಪಿಗೆ ಅದರ 8 ಜಿಬಿ ಮೆಮೊರಿ ಸದ್ಯಕ್ಕೆ ನಡೆಯುತ್ತದೆ. 4060ಯಲ್ಲೂ ಅಷ್ಟೇ 8 ಜಿಬಿ ಅನ್ನೋದನ್ನು ಗಮನಿಸಿ. ಕಾರ್ಡಿನಲ್ಲಿ ಉಳಿದ ಎಂಟೊಂಬತ್ತು ಸಾವಿರವೇ ಮಾನಿಟರ್, ಎಸ್‌ಎಂಪಿಎಸ್, 1 ಟಿಬಿ ಎಸ್‌ಎಸ್‌ಡಿ ಎಲ್ಲವನ್ನೂ ಎತ್ತಿ ನಿಲ್ಲಿಸಿತು. ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದ.

ರ‍್ಯಾಮ್ ವಿಷಯಕ್ಕೆ ಖರ್ಚೇ ಇಲ್ಲ, ಹಟ ಮಾತ್ರ ಬೇಕು. 16 ಜಿಬಿಯ ಒಂದು ಕಡ್ಡಿಯ ಬದಲು 8 ಜಿಬಿಯ ಎರಡು ಕಡ್ಡಿ ಕೇಳಿ. ಎರಡು ಇದ್ದರೆ ಪ್ರೊಸೆಸರ್ ಎರಡೂ ದಾರಿಯಲ್ಲಿ ಒಟ್ಟಿಗೆ ಓದುತ್ತದೆ, ವ್ಯಾಲೊರಂಟ್ ಥರದ ಆಟಗಳಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಬೆಲೆ ಹೆಚ್ಚುಕಮ್ಮಿ ಅಷ್ಟೇ. ನಾಲ್ಕು ಸ್ಲಾಟ್ ಇರುವ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಪಕ್ಕಪಕ್ಕದಲ್ಲಿ ಹಾಕಿದರೆ ಎರಡು ತಂದ ಪ್ರಯೋಜನವೇ ಇಲ್ಲ.

ದುಡ್ಡು ಉಳಿಸೋದು ಎಲ್ಲಿ ಹಾಗಾದ್ರೆ? ಕೂಲರಿನಲ್ಲಿ. 5600 ಡಬ್ಬದಲ್ಲೇ ಒಂದು ಕೂಲರ್ ಬರುತ್ತದೆ, ನಮ್ಮ ಬೆಂಗಳೂರಿನ ಹವೆಗೆ ಅದು ಸಾಕು. ನೀರು ಓಡಾಡುವ ಲಿಕ್ವಿಡ್ ಕೂಲರ್ ಈ ಬಜೆಟ್‌ನಲ್ಲಿ ಬರೀ ಶೋಕಿ. ಎಸ್‌ಎಸ್‌ಡಿಯಲ್ಲಿ ಅತಿ ವೇಗದ ದುಬಾರಿ ಮಾಡೆಲ್ ಬೇಡ, ಮದರ್‌ಬೋರ್ಡಿಗೇ ಚುಚ್ಚುವ ಸಾಧಾರಣ ಎನ್‌ವಿಎಂಇ ಸಾಕು, ಆಟ ಲೋಡ್ ಆಗುವಾಗ ಒಂದೆರಡು ಸೆಕೆಂಡಿನ ವ್ಯತ್ಯಾಸ ಅಷ್ಟೇ. ಕ್ಯಾಬಿನೆಟ್ ಮುಂದೆ ಗಾಜು ಇರೋದು ಬೇಡ, ಜಾಲರಿ ಇರಲಿ, ಅದರ ಹಿಂದೆ ತೆಗೆದು ತೊಳೆಯುವ ಫಿಲ್ಟರ್ ಇರಲಿ. ನಮ್ಮ ರಸ್ತೆಗಳನ್ನು ಯಾರಾದರೂ ಒಬ್ಬರು ಸದಾ ಅಗೆಯುತ್ತಲೇ ಇರುತ್ತಾರೆ, ಆ ಧೂಳೆಲ್ಲಾ ಕೊನೆಗೆ ಬಂದು ಸೇರೋದು ಕ್ಯಾಬಿನೆಟ್ ಹೊಟ್ಟೆಗೆ. ಮದರ್‌ಬೋರ್ಡಿನಲ್ಲಿ ಮಾತ್ರ ಸ್ವಲ್ಪ ಯೋಚಿಸಿ. ನಾವು ಬಿ450 ಬಿಟ್ಟು ಬಿ550 ತಗೊಂಡೆವು, ಯಾಕಂದ್ರೆ 6600 ಬೋರ್ಡಿನ ಜೊತೆ ಡೇಟಾ ಸಾಗಿಸಲು ಬಳಸೋದು 8 ಲೇನ್ (ದಾರಿ) ಮಾತ್ರ, ನಿಧಾನದ ಹಳೇ ಪಿಸಿಐಇ 3 ಬೋರ್ಡಿನಲ್ಲಿ ಅದು ಸ್ವಲ್ಪ ಸೊರಗುತ್ತದೆ. ಅದೂ ಅಲ್ಲದೆ ಹಳೇ ಸ್ಟಾಕಿನ ಬಿ450 ಬೋರ್ಡಿಗೆ ಬಯೋಸ್ (ಪಿಸಿಯನ್ನು ಎಬ್ಬಿಸುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆಗದಿದ್ದರೆ 5600 ಹಾಕಿದಾಗ ಪಿಸಿ ಆನ್ ಆದರೂ ಪರದೆ ಕತ್ತಲೇ.

ಸೆಕೆಂಡ್ ಹ್ಯಾಂಡ್ ಕಾರ್ಡಿನ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಇಥೀರಿಯಂ ಕ್ರಿಪ್ಟೋ ನಾಣ್ಯ ಗಳಿಸುವ ಮೈನಿಂಗ್ ನಿಂತ ಮೇಲೆ ಹಗಲೂರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಕೆಲವು ಈಗಲೂ ಚೆನ್ನಾಗೇ ಇವೆ. ಕಣ್ಣೆದುರೇ ಅರ್ಧ ಗಂಟೆ ಆಟ ಓಡಿಸಿ ತೋರಿಸಿದರೆ, ಬಿಲ್ಲೂ ಇದ್ದರೆ ತಗೊಳ್ಳಿ. ಎರಡರಲ್ಲಿ ಒಂದು ಇಲ್ಲದಿದ್ದರೂ ಬೇಡ.

ಒಂದು ಶನಿವಾರ ಬೆಳಿಗ್ಗೆ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ನಡೆದೆವು. ಭಾನುವಾರ ಹೋಗಬೇಡಿ, ಬಹುಪಾಲು ಅಂಗಡಿ ಬಾಗಿಲು ಹಾಕಿರುತ್ತದೆ. ನಾಲ್ಕು ಅಂಗಡಿಯಲ್ಲಿ ಅದೇ ಪಟ್ಟಿ ಕೊಟ್ಟು ಬೆಲೆ ಬರೆಸಿಕೊಂಡೆವು. ಒಂದು ಕಡೆ 'ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ ಸಾರ್' ಅಂದರು. 18 ಪರ್ಸೆಂಟ್ ಅಂದರೆ ಆಸೆ ಆಗದೇ ಇರುತ್ತದೆಯೇ? ಭಾವನ ಕಣ್ಣು ಒಂದು ಕ್ಷಣ ಅರಳಿತು. ನಾನು ಅವರ ತೋಳು ಹಿಡಿದು ಆಚೆ ಕರೆದುಕೊಂಡು ಬಂದೆ. ಪ್ರತಿ ಸಾಮಾನಿನ ಸೀರಿಯಲ್ ನಂಬರ್ ಬರೆದ ಬಿಲ್ ಕೈಯಲ್ಲಿಲ್ಲದಿದ್ದರೆ ಮುಂದೆ ಕಾರ್ಡು ಕೆಟ್ಟಾಗ ಸರ್ವಿಸ್ ಸೆಂಟರ್ ಬಾಗಿಲಲ್ಲಿ ನಿಂತು ಯಾರಿಗೆ ಏನು ಹೇಳೋದು?

ಜೋಡಿಸಿದ್ದು ಮನೆಯಲ್ಲೇ. ಅಂಗಡಿಯಲ್ಲೂ ಮಾಡಿಕೊಡುತ್ತಾರೆ, ಆದರೆ ಹುಡುಗ ಕಲಿಯಲಿ ಅಂತ. ಮೂರು ಗಂಟೆ ಹಿಡಿಯಿತು. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತಿದೆ, ಮಾನಿಟರಿನಲ್ಲಿ 'ನೋ ಸಿಗ್ನಲ್'. ಭಾವ ಮೆಲ್ಲಗೆ 'ಸುಟ್ಟೋಯ್ತಾ?' ಅಂದರು. ನನಗೂ ಬೆವರು. ಆಮೇಲೆ ನೋಡಿದರೆ ಹುಡುಗ ಮಾನಿಟರ್ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕುವ ಬದಲು ಮದರ್‌ಬೋರ್ಡಿಗೆ ಚುಚ್ಚಿದ್ದ. 5600 ಒಳಗೆ ಗ್ರಾಫಿಕ್ಸ್ ಇಲ್ಲ, ಅಲ್ಲಿಂದ ಚಿತ್ರ ಎಲ್ಲಿಂದ ಬರಬೇಕು?

ಇನ್ನೊಂದು ನಗು ತರಿಸುವ ವಿಷಯ. ಎರಡು ವಾರ ಬಿಟ್ಟು ಹೋದಾಗ ನೋಡಿದರೆ ವಿಂಡೋಸ್ ಸೆಟ್ಟಿಂಗ್‌ನಲ್ಲಿ ಮಾನಿಟರ್ ಇನ್ನೂ 60 ಹರ್ಟ್ಜ್‌ನಲ್ಲೇ ಇತ್ತು! ಅಷ್ಟು ಜಗಳ ಆಡಿ ತಂದ 165. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅನ್ನುವ, ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್ ಕೂಡ ಆನ್ ಮಾಡಿರಲಿಲ್ಲ, 3200ರ ರ‍್ಯಾಮ್ 2666ರಲ್ಲಿ ತೆವಳುತ್ತಿತ್ತು. ಎರಡನ್ನೂ ಸರಿ ಮಾಡಿದ ಮೇಲೆ ಒಂದು ಮ್ಯಾಚ್ ಆಡಿ, ತಿರುಗಿ ನೋಡದೆ 'ಸರಿ ಮಾಮ' ಅಂದ. 4060 ಹೆಸರು ಆಮೇಲೆ ಎತ್ತಿಲ್ಲ.

ನಿನ್ನೆ ಕೇಳಿದವರಿಗೆ ಒಂದು ಮಾತು: ನಮ್ಮ ಬೆಲೆಗಳನ್ನು ಇವತ್ತು ಹಿಡಿದುಕೊಂಡು ಹೋಗಬೇಡಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ ರ‍್ಯಾಮ್ ಬೆಲೆ ಎಲ್ಲೋ ಹೋಗಿ ಕೂತಿದೆ, ಎಸ್‌ಎಸ್‌ಡಿಗೂ ಅದರ ಬಿಸಿ ತಟ್ಟಿದೆ. ಮನೆಯಲ್ಲಿ ಹಳೇ ಪಿಸಿಯ, ಹಿಂದಿನ ತಲೆಮಾರಿನ ಡಿಡಿಆರ್4 ರ‍್ಯಾಮ್ ಇದ್ದರೆ ಅದಕ್ಕೆ ಹೊಂದುವ ಬೋರ್ಡು ತಗೊಳ್ಳೋದೇ ಈಗ ಜಾಣತನ.

ಕೊನೆಗೆ, ಯಾವ ಕ್ವೊಟೇಶನ್‌ನಲ್ಲೂ ಇರದ ಒಂದು ಸಾಲು. ಪಿಸಿ ಬಂದು ತಿಂಗಳಾಗಿತ್ತು. ಅಕ್ಕ ಫೋನ್ ಮಾಡಿ 'ಒರೆಸೋಕೆ ಅಂತ ಮುಟ್ಟಿದ್ರೆ ಜುಮ್ ಅನ್ನುತ್ತೆ ಕಣೋ, ಏನು ತಂದಿದ್ದೀರಾ' ಅಂದಳು. ಹೋಗಿ ಟೆಸ್ಟರ್ ಇಟ್ಟರೆ ಕ್ಯಾಬಿನೆಟ್ ಮೇಲೆ ಮಂದವಾಗಿ ಉರಿಯಿತು. ಎಸ್‌ಎಂಪಿಎಸ್ ಕೆಟ್ಟಿರಲಿಲ್ಲ. ಅದರ ಒಳಗೆ ಕರೆಂಟಿನ ಗದ್ದಲ ಸೋಸುವ ಸಣ್ಣ ಕೆಪಾಸಿಟರ್‌ಗಳಿರುತ್ತವೆ, ಅವು ಹೊರಡಿಸುವ ಚೂರುಪಾರು ಕರೆಂಟು ಅರ್ಥಿಂಗ್ ತಂತಿಯಲ್ಲಿ ಹರಿದು ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ 230ರ ಅರ್ಧದಷ್ಟು ವೋಲ್ಟೇಜ್ ಬಂದು ಕೂರುತ್ತದೆ. ಕರೆಂಟು ತೀರಾ ಕಮ್ಮಿ, ಆದರೂ ಜುಮ್ ಅನ್ನುತ್ತದೆ. ಎಲೆಕ್ಟ್ರಿಷಿಯನ್ ಬಂದು ಸ್ವಿಚ್ ಬೋರ್ಡ್ ಬಿಚ್ಚಿದ. ಸಾಕೆಟ್ಟಿಗೆ ಮೂರು ತೂತು ಇತ್ತು, ಮೂರನೆಯದರ ಹಿಂದೆ ತಂತಿಯೇ ಇರಲಿಲ್ಲ. ಮೀಟರ್ ಬೋರ್ಡಿನಿಂದ ಹೊಸದಾಗಿ ಎಳೆದು ಹಾಲಿಗೂ ಅಡುಗೆಮನೆಗೂ ಕೊಟ್ಟ. 1,800 ರೂಪಾಯಿ ಆಯಿತು. ಭಾವ ಅದನ್ನೂ ಕಂಪ್ಯೂಟರ್ ಖರ್ಚಿಗೇ ಸೇರಿಸಿ ನನ್ನ ಮುಖ ನೋಡಿದರು.

ಮಾರನೇ ದಿನ ಅಕ್ಕ ಮತ್ತೆ ಫೋನ್ ಮಾಡಿದಳು. ಇಷ್ಟು ವರ್ಷ ಅವಳು ಫ್ರಿಜ್ ಬಾಗಿಲನ್ನು ಸೆರಗು ಸುತ್ತಿಕೊಂಡೇ ತೆಗೆಯುತ್ತಿದ್ದಳಂತೆ, ಹಳೇ ಫ್ರಿಜ್ ಅಂದ್ರೆ ಹಾಗೇ ಅಂದುಕೊಂಡು. ಈಗ ಬರಿಗೈಲೇ ತೆಗೀತಾಳೆ.