ಹಸಿರು ಗುಮ್ಮಟ ಮತ್ತು ಅಮ್ಮನ ಹುಣಸೆಹಣ್ಣು

ಕೆಲವು ವಾರ ನಮ್ಮೊಂದಿಗೆ ಇರಲೆಂದು ಕೋಪನ್‌ಹೇಗನ್ನಿಗೆ ಬಂದಿದ್ದ ಅಮ್ಮ, ಇಲ್ಲಿನ ಮಾರ್ಬಲ್ ಚರ್ಚಿನ ಎದುರು ನಿಂತು ಅದರ ಹಸಿರು ಗುಮ್ಮಟವನ್ನು ಬಹಳ ಹೊತ್ತು ನೋಡಿ, "ಇದು ತಾಮ್ರವಲ್ಲವೇ? ಇಷ್ಟು ಕಿಲುಬು ಹಿಡಿಯುವವರೆಗೆ ಯಾಕೆ ಬಿಟ್ಟಿದ್ದಾರೆ?" ಎಂದು ಕೇಳಿದರು. ವರ್ಷಗಳಿಂದ ಈ ಊರಿನಲ್ಲಿರುವ ನನ್ನ ಸ್ನೇಹಿತರಲ್ಲಿ ಹಲವರು ಅದನ್ನು ಬಳಿದ ಬಣ್ಣವೆಂದೇ ತಿಳಿದಿದ್ದರು. ಜೀವನವಿಡೀ ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಬೆಳಗಿದ ಅಮ್ಮನಿಗೆ ಲೋಹದ ಗುರುತು ಒಂದೇ ನೋಟಕ್ಕೆ ಸಿಕ್ಕಿತ್ತು.

ಹಸಿರು ಗುಮ್ಮಟಗಳೆಲ್ಲವೂ ತಾಮ್ರದವಲ್ಲ ಎಂಬುದು ನಿಜ. ಮದೀನಾದ ಪ್ರವಾದಿ ಮಸೀದಿಯ ಗುಮ್ಮಟಕ್ಕೆ 1837ರಲ್ಲಿ ಹಸಿರು ಬಣ್ಣವನ್ನೇ ಬಳಿಯಲಾಯಿತು. ಆದರೆ ಕೋಪನ್‌ಹೇಗನ್, ವಿಯೆನ್ನಾ, ಹ್ಯಾಂಬರ್ಗ್, ಒಟ್ಟಾವಾ ನಗರಗಳ ಹಳೆಯ ಕಟ್ಟಡಗಳ ಮೇಲೆ ಕಾಣುವ ಆ ತಿಳಿಹಸಿರು ಗಾಳಿ ಮಳೆಗಳು ತಾಮ್ರದ ಮೇಲೆ ತಂದದ್ದು. ಹೊಸ ತಾಮ್ರ ಕೆಲವೇ ತಿಂಗಳಲ್ಲಿ ಆಮ್ಲಜನಕದೊಡನೆ ಸೇರಿ ಕಂದಾಗುತ್ತದೆ, ಆಮೇಲೆ ಹೆಚ್ಚುಕಡಿಮೆ ಕಪ್ಪಾಗುತ್ತದೆ. ಹಸಿರು ಬರುವುದು ಇನ್ನೂ ನಿಧಾನವಾಗಿ. ಕಲ್ಲಿದ್ದಲು ಉರಿಸಿದ ಹೊಗೆಯಲ್ಲಿದ್ದ ಗಂಧಕ ಮಳೆನೀರಿನೊಡನೆ ಸೇರಿ ತಾಮ್ರದ ಮೇಲೆ ಸಲ್ಫೇಟಿನ ಹಸಿರು ಪದರವನ್ನು ಕಟ್ಟುತ್ತದೆ. ಸಮುದ್ರದ ಬದಿಯಲ್ಲಾದರೆ ಗಾಳಿಯ ಉಪ್ಪಿನಿಂದ ಕ್ಲೋರೈಡ್ ಕೂಡ ಸೇರುತ್ತದೆ. ಹೊಗೆ ತುಂಬಿದ್ದ ಹಿಂದಿನ ನಗರಗಳಲ್ಲಿ ಒಂದೆರಡು ದಶಕಗಳಲ್ಲಿ ಆಗುತ್ತಿದ್ದ ಈ ಬದಲಾವಣೆಗೆ ಗಾಳಿ ಶುದ್ಧವಾದ ಇಂದು ಹೆಚ್ಚು ಕಾಲ ಬೇಕಾಗುತ್ತದೆ.

ಅಮ್ಮನ ಪ್ರಶ್ನೆಯ ಎರಡನೆಯ ಭಾಗಕ್ಕೆ ನಾನು ಕೊಟ್ಟ ಉತ್ತರ ಅವರಿಗೆ ಮೊದಲು ಒಪ್ಪಿಗೆಯಾಗಲಿಲ್ಲ. ಕಬ್ಬಿಣದ ತುಕ್ಕು ಪುಡಿಪುಡಿಯಾಗಿ ಉದುರಿ, ಒಳಗಿನ ಲೋಹವನ್ನು ಮತ್ತೆ ಮತ್ತೆ ನೀರಿಗೆ ಒಡ್ಡುತ್ತದೆ. ತಾಮ್ರದ ಮೇಲಿನ ಪದರ ಹಾಗಲ್ಲ. ಅದು ನೀರಿನಲ್ಲಿ ಸುಲಭವಾಗಿ ಕರಗದೆ, ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು, ಒಳಗಿನ ಸವೆತವನ್ನು ತೀರಾ ನಿಧಾನಗೊಳಿಸುತ್ತದೆ. ಹುಣಸೆಹಣ್ಣು ಹಚ್ಚಿ ಅದನ್ನು ತೆಗೆದರೆ ಹೊರಗೆ ಕಾಣುವ ಹೊಸ ತಾಮ್ರ ಮತ್ತೆ ಬಣ್ಣಗೆಡಲು ತೊಡಗುತ್ತದೆ, ಪ್ರತಿ ಸಲವೂ ಹಾಳೆ ಸ್ವಲ್ಪ ತೆಳುವಾಗುತ್ತದೆ. ಹುಳಿ ಪದಾರ್ಥ ತಗಲುವ ಪಾತ್ರೆಯಲ್ಲಿ ಕಿಲುಬು ವಿಷ, ಅಲ್ಲಿ ತಿಕ್ಕುವುದೇ ಸರಿ. ಆದರೆ ಅಡುಗೆಮನೆಯ ಆ ನಿಯಮವನ್ನು ಕಟ್ಟಡದ ಮಾಡಿಗೂ, ಅಂದರೆ ಚಾವಣಿಗೂ, ಅನ್ವಯಿಸಿದರೆ ನಷ್ಟವೇ ಹೊರತು ಲಾಭವಿಲ್ಲ.

ಕಟ್ಟುವವರು ತಾಮ್ರವನ್ನು ಆರಿಸಿಕೊಂಡದ್ದು ಈ ಹಸಿರಿನ ಆಸೆಯಿಂದಲ್ಲ. 0.7 ಮಿಲಿಮೀಟರ್ ದಪ್ಪದ ತಾಮ್ರದ ಹಾಳೆ ಒಂದು ಚದರ ಮೀಟರಿಗೆ ಸುಮಾರು 6 ಕಿಲೋ ತೂಗುತ್ತದೆ. ಅಷ್ಟೇ ಜಾಗಕ್ಕೆ ಹೊದಿಸುವ ಸೀಸವಾಗಲಿ ಹೆಂಚಾಗಲಿ ಅದಕ್ಕಿಂತ ಎಷ್ಟೋ ಪಾಲು ಭಾರ. ಮೇಲಾಗಿ ಅದು ಗುಮ್ಮಟದ ಬಾಗಿಗೆ ತಕ್ಕಂತೆ ಬಾಗುತ್ತದೆ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದು ಮಾತ್ರ ಅದರ ತೊಂದರೆ: 10 ಮೀಟರ್ ಉದ್ದದ ಹಾಳೆ 70 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 12 ಮಿಲಿಮೀಟರ್ ಸರಿಯುತ್ತದೆ. ಆದ್ದರಿಂದಲೇ ಹಾಳೆಗಳ ಅಂಚುಗಳನ್ನು ಒಂದರೊಳಗೊಂದು ಮಡಚಿ, ಸರಿದಾಡಲು ಎಡೆಯಿಟ್ಟು ಕೂಡಿಸುತ್ತಾರೆ. ಒಳ್ಳೆಯ ತಾಮ್ರದ ಮಾಡು ಕೊನೆಗೆ ಸೋರುವುದು ಸಾಮಾನ್ಯವಾಗಿ ಇಂಥ ಕೂಡುಗಳಲ್ಲಿ.

ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ 1886ರಲ್ಲಿ ಅನಾವರಣಗೊಂಡಾಗ ತಾಮ್ರದ ಬಣ್ಣದಲ್ಲೇ ಇತ್ತು. ಅದು ಹಸಿರಾಗತೊಡಗಿದಾಗ, 1906ರಲ್ಲಿ ಬಣ್ಣ ಬಳಿಯುವ ಯೋಚನೆ ನಡೆದು, ಜನ ವಿರೋಧಿಸಿದರು. ಪರೀಕ್ಷಿಸಿದ ಸೇನೆಯ ಎಂಜಿನಿಯರುಗಳೂ ಆ ಪದರ ಲೋಹವನ್ನು ಕಾಯುತ್ತಿದೆ ಎಂದೇ ಹೇಳಿದರು. ಮುಂದೆ ಕೆಟ್ಟದ್ದು ಒಳಗಿನ ಕಬ್ಬಿಣದ ಪಟ್ಟಿಗಳು. ಅವು ತಾಮ್ರದ ಸಂಪರ್ಕದಿಂದ ಬೇಗ ತುಕ್ಕು ಹಿಡಿದದ್ದರಿಂದ 1984–86ರ ದುರಸ್ತಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕಾಯಿತು.

ನಮ್ಮ ಕರಾವಳಿಯ ಅನೇಕ ದೇವಸ್ಥಾನಗಳ ಗರ್ಭಗುಡಿಗೂ ತಾಮ್ರದ ಹೊದಿಕೆ ಇದೆಯಷ್ಟೆ. ನಾನು ಬಾಲ್ಯದಿಂದ ನೋಡಿದ ಒಂದು ಗುಡಿಯಲ್ಲಿ, ಬ್ರಹ್ಮಕಲಶೋತ್ಸವಕ್ಕೆ ಹೊಳೆಯಬೇಕೆಂದು ಮಾಡನ್ನು ಆಸಿಡ್ ಹಾಕಿ ತೊಳೆಸಿದರು. ಎರಡು ಮಳೆಗಾಲಗಳಲ್ಲಿ ಹೊಳಪು ಹೋಯಿತು. ಅಷ್ಟು ವರ್ಷಗಳಲ್ಲಿ ಕೂಡಿದ ಪದರವಂತೂ ಮೊದಲೇ ಹೋಗಿತ್ತು. ಭಕ್ತಿಯಿಂದಲೇ ಮಾಡಿದ ಕೆಲಸವದು, ಆದರೂ ನನಗೆ ಇಂದಿಗೂ ನೋವಿದೆ. ಕಾರ್ಖಾನೆಯಲ್ಲೇ ಹಸಿರು ಮಾಡಿ ಮಾರುವ ತಾಮ್ರದ ಹಾಳೆಗಳೂ ಈಗ ಸಿಗುತ್ತವೆ. ಹಳೆಯ ಮಾಡಿನ ನಡುವೆ ಒಂದು ತೇಪೆ ಹಾಕಲು ಅವು ಉಪಯುಕ್ತ; ಇಡೀ ಮಾಡಿಗೆ ಅವನ್ನೇ ಹೊದಿಸುವುದು ನನಗೆ ಒಪ್ಪಿಗೆಯಿಲ್ಲ.

ಅಮ್ಮನನ್ನು ಕೊನೆಗೆ ಕೋಪನ್‌ಹೇಗನ್ನಿನ ಹಳೆಯ ಷೇರು ವಿನಿಮಯ ಕೇಂದ್ರವಾದ ಬೋರ್ಸೆನ್ ಬಳಿ ಕರೆದೊಯ್ದೆ. ನಾಲ್ಕು ಡ್ರ್ಯಾಗನ್‌ಗಳ ಬಾಲ ಹೆಣೆದಂತಿದ್ದ, 56 ಮೀಟರ್ ಎತ್ತರದ ಶಿಖರವನ್ನು ಹೊತ್ತಿದ್ದ ಆ ಹದಿನೇಳನೆಯ ಶತಮಾನದ ಕಟ್ಟಡಕ್ಕೆ 2024ರ ಏಪ್ರಿಲ್ 16ರಂದು ಬೆಂಕಿ ಬಿದ್ದು ಶಿಖರ ಉರುಳಿತು. ಅದನ್ನು ಮತ್ತೆ ಕಟ್ಟುವಾಗ ಹೊಸ ತಾಮ್ರವನ್ನು ಹಾಗೆಯೇ ಹೊದಿಸಲಿ, ಮೊದಲ ವರ್ಷಗಳಲ್ಲಿ ಕಂದಾಗಿಯೇ ಕಾಣಲಿ ಎಂಬುದು ನನ್ನ ಆಸೆ. ಅದು ಪೂರ್ತಿ ಹಸಿರಾಗುವ ಹೊತ್ತಿಗೆ ಆರು ವರ್ಷದ ನನ್ನ ಮಗಳಿಗೆ ನನ್ನ ಈಗಿನ ವಯಸ್ಸಾಗಿರಬಹುದು ಎಂದಾಗ, ಅಮ್ಮ ಅವಳ ಕೈ ಹಿಡಿದು, "ಆಗ ನೀನೇ ಬಂದು ನೋಡು, ತಿಕ್ಕಿಸಲು ಮಾತ್ರ ಬಿಡಬೇಡ" ಎಂದರು.